ಕರಿಕೆಯ ಹಂದಿಗೂಡಿಗೆ ಬರಬೇಕಾಗಿದ್ದ ಬೋರ್ಡು

ಪಶುವೈದ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ನಿಮ್ಮ ಕಾಲದಲ್ಲಿ ಜೀಪಿರಲಿಲ್ಲ, ಫ್ರಿಜ್ಜಿರಲಿಲ್ಲ, ಹೇಗೆ ಕೆಲಸ ಮಾಡಿದಿರಿ ಸಾರ್ ಎಂದು ಕೇಳುತ್ತಾರೆ. ನಡೆದು ಸವೆದ ಬೂಟಿನ ಕತೆ, ಸೂಜಿ ಬೇಯಿಸುವ ಸೀಮೆಎಣ್ಣೆ ಸ್ಟೌವಿನ ಕತೆ ಹೇಳಿದರೆ ಅವರ ಕಣ್ಣಲ್ಲಿ ನನ್ನ ಮೇಲೆ ಗೌರವ ಮೂಡುತ್ತದೆ. ಆ ಗೌರವ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಕಷ್ಟಪಟ್ಟದ್ದು ನಿಜ, ಆದರೆ ಕಷ್ಟಕ್ಕಿಂತ ಹೆಚ್ಚಾಗಿ ನಾನು ನಾಚಿಕೆಪಟ್ಟೆ. ಮೊದಲು ಕೆಲಸಕ್ಕಾಗಿ ನಾಚಿದೆ, ಆಮೇಲೆ ನನಗಾಗಿ ನಾಚಿದೆ. ಮೊದಲನೆಯದು ದಡ್ಡತನ. ಎರಡನೆಯದು ಇನ್ನೂ ಉಳಿದಿದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮದು ಶಿರಂಗಾಲದ ಕಡೆ ಬೇಸಾಯದ ಮನೆ. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ನೆಲೆಸಿದವರು, ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವರು. ನನಗೆ ಇಲಾಖೆಯಲ್ಲಿ ಡಾಕ್ಟರ ಕೈಕೆಳಗಿನ ಸ್ಟಾಕ್‌ಮನ್ ಕೆಲಸ ಸಿಕ್ಕಾಗ ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದರು. ದನದ ಸೇವೆ, ಬಸವಣ್ಣನ ಸೇವೆ ಎಂದು ಎಲ್ಲರೂ ಹರಸಿದರು. ನನ್ನನ್ನು ಹಾಕಿದ್ದು ಹಂದಿ ವಿಭಾಗಕ್ಕೆ.

ಊರಿಗೆ ಆ ಸುದ್ದಿಯನ್ನು ನಾವು ಮುಟ್ಟಿಸಲೇ ಇಲ್ಲ. ಅವ್ವನಿಗೆ ಮಾತ್ರ ಹೇಳಿದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ರಜೆಯಲ್ಲಿ ಮನೆಗೆ ಬಂದಾಗ ಜಗಲಿಯ ಕೆಳಗೇ ನಿಲ್ಲಿಸುತ್ತಿದ್ದಳು. "ಅಲ್ಲೇ ನಿಂತ್ಕೊ ಮಗ. ಹಿತ್ಲಲ್ಲಿ ನೀರು ಕಾದದೆ. ಮಿಂದು, ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಾ," ಎನ್ನುತ್ತಿದ್ದಳು. ನನ್ನ ಮದುವೆಯೂ 'ದನದ ಆಸ್ಪತ್ರೆಯಲ್ಲಿ ಕೆಲಸ' ಎಂಬ ಮಾತಿನ ಮೇಲೇ ನಡೆಯಿತು. ಹೆಂಡತಿಗೆ ನಿಜ ತಿಳಿದ ದಿನ ಅವಳು ನಕ್ಕುಬಿಟ್ಟಳು. "ಹಂದಿಗೂ ಡಾಕ್ಟ್ರು ಬೇಕಲ್ಲ, ಪಾಪ," ಎಂದಳು. ಅಷ್ಟು ಹಗುರವಾಗಿ ತೆಗೆದುಕೊಳ್ಳುವ ಬುದ್ಧಿ ನನಗಿರಲಿಲ್ಲ.

ಮೊದಲ ಪಾಠ ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಾಯಿತು. ಕೂಲಿಯವರ ಲೈನುಮನೆಗಳ ಹಿಂದೆ ಒಂದು ದಪ್ಪ ಹೆಣ್ಣು ಹಂದಿಗೆ ಇಂಜೆಕ್ಷನ್ ಕೊಡಬೇಕಿತ್ತು. ಕರುವನ್ನು ಹಿಡಿಯುವಂತೆ ನಾನು ಅದರ ಹಿಂಗಾಲು ಹಿಡಿದೆ. ಅದು ನನ್ನನ್ನು ಎಳೆದುಕೊಂಡು ಲೈನಿನ ಚರಂಡಿಯುದ್ದಕ್ಕೂ ಓಡಿತು. ನಾನು ಬಿಡಬೇಕಿತ್ತು, ಬಿಡಲಿಲ್ಲ. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಸಿ ಬಂದ ಹೆಂಗಸರೆಲ್ಲ ಸಾಲಾಗಿ ನಿಂತು ತಮಿಳಿನಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ನಕ್ಕರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನನ್ನನ್ನು ಎಬ್ಬಿಸಿ, "ಸಾರ್, ನೀವು ಹಂದಿನ ಪರೀಕ್ಷೆ ಮಾಡುದಾ, ಹಂದಿ ನಿಮ್ಮನ್ನ ಪರೀಕ್ಷೆ ಮಾಡುದಾ?" ಎಂದು ಕೇಳಿದ. ಹಂದಿಯನ್ನು ಕಾಲಿನಿಂದ ಹಿಡಿಯುವುದಲ್ಲ, ಕುಣಿಕೆ ಹಗ್ಗವನ್ನು ಬಾಯೊಳಗೆ ಇಳಿಸಿ ಮೇಲ್ದವಡೆಗೆ ಬಿಗಿಯಬೇಕು. ಆಗ ಅದು ಹಿಂದಕ್ಕೆ ಜಗ್ಗುತ್ತಾ ನಿಂತಲ್ಲೇ ನಿಲ್ಲುತ್ತದೆ. ಇದನ್ನು ನಾನು ಕಲಿತದ್ದು ಆ ಚರಂಡಿಯಲ್ಲಿ.

ನನ್ನ ಮೇಲಿದ್ದವರು ಮೈಸೂರಿನ ಕಡೆಯ ಒಬ್ಬ ವೆಟರ್ನರಿ ಸರ್ಜನ್. ಹಣೆಗೆ ನಾಮ, ತಲೆಗೆ ಹ್ಯಾಟು, ಕಾಲಿಗೆ ಮೊಣಕಾಲುದ್ದದ ಬೂಟು. ಶುದ್ಧ ಸಂಪ್ರದಾಯಸ್ಥರು. ಆದರೆ ಹಂದಿಯ ಬಾಯೊಳಗೆ ಕೈ ಹಾಕಲು ಒಂದು ಕ್ಷಣವೂ ಹಿಂಜರಿಯುತ್ತಿರಲಿಲ್ಲ. ಯಾವ ಮನೆಗೆ ಹೋದರೂ ಹೊಸ್ತಿಲಲ್ಲೇ ಹೇಳಿಬಿಡುತ್ತಿದ್ದರು: "ನಾನು ಮಾಂಸ ಮುಟ್ಟೋನಲ್ಲಪ್ಪ. ಒಂದು ಲೋಟ ಬೆಲ್ಲದ ಕಾಫಿ ಕೊಡಿ, ಸಾಕು." ಜನ ಕಾಫಿ ಕೊಟ್ಟು ಜೊತೆಗೆ ಕಿತ್ತಳೆ ಹಣ್ಣನ್ನೂ ಚೀಲಕ್ಕೆ ತುಂಬುತ್ತಿದ್ದರು. ಯಾರೂ ಬೇಸರಪಟ್ಟದ್ದನ್ನು ನಾನು ಕಾಣಲಿಲ್ಲ.

ನನಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಕೊಡಗಿನ ಮನೆಯಲ್ಲಿ ಹಂದಿ ಮಾಂಸವೆಂದರೆ ಬರೀ ಊಟವಲ್ಲ, ಮರ್ಯಾದೆ. ಅದನ್ನು ಬೇಡ ಎಂದರೆ ಅವರನ್ನೇ ಬೇಡ ಎಂದಂತೆ ಎಂದು ನಾನು ಲೆಕ್ಕ ಹಾಕಿದ್ದೆ. ಹಾಗಾಗಿ ಊಟಕ್ಕೆ ಕರೆದಾಗಲೆಲ್ಲ, "ಹೊಟ್ಟೆ ಸರಿಯಿಲ್ಲ," ಎನ್ನುತ್ತಿದ್ದೆ. ಇದನ್ನು ದಾಕ್ಷಿಣ್ಯ ಎಂದು ನಾನು ಕರೆದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಅಸಹ್ಯವೇ ಇತ್ತು, ಅದು ಅವರಿಗೆ ಕಾಣಬಾರದು ಎಂಬ ಭಯವಿತ್ತು. ಅನ್ನ ಕೊಡುವ ಕೆಲಸವನ್ನೂ, ಅನ್ನಕ್ಕೆ ಕರೆಯುವ ಜನರನ್ನೂ ಒಳಗೊಳಗೇ ದೂರ ಇಟ್ಟುಕೊಂಡು ಅವರ ಮುಂದೆ ಹೊಟ್ಟೆ ಹಿಡಿದುಕೊಳ್ಳುವುದು ಎಂಥ ಬಾಳು ಎಂದು ಈಗ ಅನಿಸುತ್ತದೆ.

ಆ ಹೊತ್ತಿಗೆ ಇಲಾಖೆಯಿಂದ ಹೊಸ ಯೋಜನೆ ಬಂತು. ಹಂದಿ ಸಾಕುವವರು ತಾವಾಗಿಯೇ ಮುಂದೆ ಬಂದು ತಮ್ಮ ಹಿಂಡನ್ನು ಪರೀಕ್ಷೆಗೆ ಒಪ್ಪಿಸಬೇಕು. ಗಬ್ಬದ ಹಂದಿ ದಿನ ತುಂಬುವ ಮೊದಲೇ ಕಂದು ಹಾಕುವ ರೋಗ ಇಲ್ಲವೆಂದು ಎರಡು ಸಲ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಬೇಕು. ಆ ನಡುವೆ ಹಿಂಡಿಗೆ ಹೊರಗಿನ ಹಂದಿ ಬರಬಾರದು, ಇಲ್ಲಿಯದು ಹೊರಗೆ ಹೋಗಿ ತಿರುಗಿ ಬರಬಾರದು, ಹೊರಗಿನ ಮಾಂಸದ ಚೂರು, ತೊಳೆದ ನೀರು ಯಾವುದೂ ಮುಸುರೆಗೆ ಸೇರಬಾರದು. ಎಲ್ಲ ಸರಿಯಾದರೆ 'ಆರೋಗ್ಯವಂತ ಹಿಂಡು' ಎಂಬ ಸರ್ಟಿಫಿಕೇಟು, ಗೇಟಿಗೆ ಒಂದು ತಗಡಿನ ಬೋರ್ಡು. ಸರ್ಕಾರ ಹಂಚುವ ಮರಿಗಳನ್ನು ಅಂಥ ಮನೆಯಿಂದಲೇ ಕೊಳ್ಳುತ್ತದೆ. ಯಾರಿಗೂ ಬಲವಂತವಿಲ್ಲ.

ಬಲವಂತವಿಲ್ಲ ಎಂಬ ಮಾತೇ ನಮಗೆ ತೊಡಕಾಯಿತು. "ಕಡ್ಡಾಯ ಅಲ್ಲದಿದ್ರೆ ಯಾಕೆ ಮಾರಾಯ್ರೆ?" ಎಂದು ಕೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದರು. ಒಬ್ಬರು, "ನಮ್ಮಲ್ಲಿ ಹಂದಿಯೇ ಇಲ್ಲ," ಎಂದರು. ಅದೇ ಹೊತ್ತಿಗೆ ಹಿತ್ತಲಲ್ಲಿ ಹಂದಿ ಗುಟುರು ಹಾಕಿತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರೂ ಕಾಫಿ ಕುಡಿದೆವು. ಅವರ ಭಯ ಸುಳ್ಳಲ್ಲ. ಪರೀಕ್ಷೆಗೆ ಒಪ್ಪಿ ರೋಗ ಸಿಕ್ಕಿದರೆ ಹಂದಿ ಹೋಗುತ್ತದೆ. ಸುಮ್ಮನಿದ್ದವನ ಹಂದಿ ಹಾಗೇ ಇರುತ್ತದೆ.

ಕರಿಕೆಯಲ್ಲಿ ಒಬ್ಬರು ತಾವಾಗಿಯೇ ಹೆಸರು ಕೊಟ್ಟರು ಎಂದು ಸರ್ಜನ್ನರು ಹೇಳಿದಾಗ ನಾನು ನಂಬಲಿಲ್ಲ. ಭಾಗಮಂಡಲದಿಂದ ಕಾಡಿನೊಳಗೆ ಇಳಿಯುತ್ತಾ ಹೋದರೆ ಕೇರಳದ ಗಡಿಯ ಹತ್ತಿರ ಸಿಗುವ ಊರು ಅದು. ಅಲ್ಲಿ ಅರೆಭಾಷೆಯ ಗೌಡರ ಒಂದು ಮನೆ. ಯಜಮಾನ ಬೆಳ್ಯಪ್ಪ. ಹೆಸರು ಕೊಟ್ಟದ್ದು ಅವನಲ್ಲ, ಅವನ ಅಕ್ಕ ದೇವಕ್ಕ. ಸಣ್ಣವಳಿದ್ದಾಗ ಕಾಯಿಲೆಯಿಂದ ಒಂದು ಕಾಲು ಸೊಟ್ಟಗಾಗಿ, ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವಳು. ಮನೆಯ ಕೆಳಗಿನ ಇಳಿಜಾರಿನಲ್ಲಿ ಅವಳ ಹಂದಿಗೂಡು. ಒಬ್ಬ ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ಸೀಮೆಗೆ ಹೋಗುವಾಗ ಬಿಟ್ಟುಹೋದ ಬಿಳಿ ಹಂದಿಯ ಸಂತತಿಯನ್ನು ಎಲ್ಲಿಂದಲೋ ತಂದು ಬೆಳೆಸಿದ್ದಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಹಂದಿಗಳು ಮಾತ್ರ.

ಬೆಳ್ಯಪ್ಪ ಕೆಟ್ಟವನಲ್ಲ, ಅವಸರದವನು. ಏಲಕ್ಕಿಗೆ ಒಳ್ಳೆಯ ಕಾಲ ಬಂದಿತ್ತು, ಆ ಇಳಿಜಾರಿನ ಮೇಲೆ ಅವನಿಗೆ ಕಣ್ಣಿತ್ತು. ಇಲಾಖೆಯವರೆಲ್ಲ ಅಲ್ಲಿಯವರಿಗೆ ಇನ್ಸ್‌ಪೆಕ್ಟರೇ; ನಾನು ಮೊದಲ ದಿನ ಹೋದಾಗ ಅಕ್ಕನ ಎದುರಿಗೇ ನನಗೆ ಹೇಳಿದ: "ನೋಡಿ ಇನ್ಸ್‌ಪೆಕ್ಟ್ರೆ, ಸರ್ಕಾರದ ಬೋರ್ಡು ಬಂದ್ರೆ ಆ ಜಾಗ ಅಕ್ಕಂದೇ. ನಾನು ಕೇಳುದಿಲ್ಲ, ನನ್ನ ಮಕ್ಕಳೂ ಕೇಳುದಿಲ್ಲ. ಬರದಿದ್ರೆ ಗೂಡು ಕಿತ್ತು ಏಲಕ್ಕಿ ಹಾಕ್ತೇನೆ. ಮಾತು ಅಂದ್ರೆ ಮಾತು."

ದೇವಕ್ಕ ನನ್ನ ಕಡೆಗೆ ತಿರುಗಿ, "ಎಂಥ ಮಾಡ್ಬೇಕು, ಹೇಳಿ. ಒಂದೂ ಬಿಡದೆ ಹೇಳಿ," ಎಂದಳು.

ಹೇಳಿದೆ. ನಾನು ಹೇಳಿದ್ದಕ್ಕಿಂತ ಹೆಚ್ಚು ಅವಳು ಮಾಡಿದಳು. ಗೂಡಿನ ಸುತ್ತ ಬೇಲಿ ಕಟ್ಟಿಸಿ ಬಿದಿರಿನ ಗೇಟು ಇಡಿಸಿದಳು. ಗೇಟಿನ ಬಳಿ ಕಲ್ಲಿನ ಮರಿಗೆಯಲ್ಲಿ ಫಿನಾಯಿಲ್ ನೀರು. ಅದರಲ್ಲಿ ಕಾಲು ಅದ್ದದೆ ಯಾರೂ ಒಳಗೆ ಬರುವಂತಿಲ್ಲ. ಆಮೇಲೆ ಅದೂ ಸಾಲದೆಂದು ಯಾರನ್ನೂ ಒಳಗೆ ಬಿಡುವುದನ್ನೇ ನಿಲ್ಲಿಸಿದಳು. ಬೆಳ್ಯಪ್ಪನನ್ನು ಬಿಡಲಿಲ್ಲ, ಅವನ ಮಕ್ಕಳನ್ನೂ ಬಿಡಲಿಲ್ಲ. ಮಕ್ಕಳು ಬೇಲಿಯ ಹೊರಗಿನಿಂದಲೇ ಮರಿಗಳನ್ನು ಹೆಸರಿಟ್ಟು ಕರೆಯುತ್ತಿದ್ದವು.

ಇದರಿಂದ ಅವಳು ಪಟ್ಟ ಪಾಡು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಆ ಸೀಮೆಯಲ್ಲಿ ಒಳ್ಳೆಯ ಗಂಡು ಹಂದಿ ಒಂದು ಮನೆಯಲ್ಲಿದ್ದರೆ ಅದು ಊರಿಗೇ ಸೇರಿದ್ದು. ಯಾರ ಹೆಣ್ಣು ಹಂದಿಗೆ ಬೇಕಾದರೂ ಒಯ್ಯುತ್ತಾರೆ, ತಿರುಗಿ ತಂದು ಬಿಡುತ್ತಾರೆ. ಕೊಡುವುದಿಲ್ಲ ಎಂಬ ಮಾತೇ ಇಲ್ಲ. ಕಣಿವೆಯ ಹೊಳೆಯ ಆಚೆ ದಡದಲ್ಲಿದ್ದ ಅವಳ ಚಿಕ್ಕಮ್ಮ ಗಂಡು ಹಂದಿ ಬೇಕೆಂದು ಹೇಳಿ ಕಳಿಸಿದಾಗ ದೇವಕ್ಕ ಇಲ್ಲ ಎಂದಳು. ಮಾತು ಬಿಟ್ಟುಹೋಯಿತು. ಕೋವಿ ಕತ್ತಿ ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ನೆಂಟರ ಮನೆಯಿಂದ ಬಂದ ಹಂದಿ ಮಾಂಸವನ್ನು ಮನೆಯವರೆಲ್ಲ ತಿಂದರು, ಅವಳೂ ತಿಂದಳು. ಆದರೆ ಮಿಂದು ಸೀರೆ ಬದಲಿಸದೆ ಗೂಡಿನ ಕಡೆಗೆ ಇಳಿಯಲಿಲ್ಲ, ಮೂಳೆಗಳನ್ನೆಲ್ಲ ಒಲೆಗೆ ಹಾಕಿ ಸುಟ್ಟಳು. ಬೆಳ್ಯಪ್ಪನ ಹೆಂಡತಿ, "ಹಬ್ಬದೂಟವನ್ನೂ ರೋಗ ಅಂತೀಯಲ್ಲ ಅತ್ತಿಗೆ," ಎಂದು ಮುಖ ಊದಿಸಿಕೊಂಡಳು.

ಮೊದಲ ರಕ್ತ ಪರೀಕ್ಷೆಯಲ್ಲಿ ಹಿಂಡು ಶುದ್ಧ ಎಂದು ಬೆಂಗಳೂರಿನಿಂದ ಬಂತು. ಅದನ್ನು ಹೇಳಲು ನಾನು ಹೋದಾಗ ದೇವಕ್ಕ ನನಗೆ ಅಕ್ಕಿ ರೊಟ್ಟಿ, ಜೇನು ಕೊಟ್ಟಳು. "ಇನ್ನೊಂದು ಸಲ ಅಲ್ವಾ?" ಎಂದು ಕೇಳಿದಳು. ಇನ್ನೊಂದೇ ಸಲ ಎಂದೆ. ಅವಳ ಮುಖದಲ್ಲಿ ನಗು ಕಂಡದ್ದು ಆ ದಿನ. ನನಗೂ ಕೆಲಸ ಸೇರಿದ ಮೇಲೆ ಮೊದಲ ಸಲ ನನ್ನ ಕೆಲಸದ ಬಗ್ಗೆ ಹೆಮ್ಮೆಯೆನಿಸಿತು.

ಎರಡನೆಯ ಸಲ ರಕ್ತ ತೆಗೆಯಲು ಹೊರಟ ದಿನ ದಾರಿಯಲ್ಲಿ ಒಂದು ಹೊಳೆ ದಾಟಬೇಕಿತ್ತು. ಹೊಳೆಯ ದಡದಲ್ಲಿ ನಾಲ್ಕಾರು ಜನ ಕೋವಿ ಹೊತ್ತವರು ಒಂದು ಕಾಡುಹಂದಿಯನ್ನು ಪಾಲು ಹಾಕುತ್ತಿದ್ದರು. ಬೇಟೆಯ ಪಾಲಿಗೆ ಅಲ್ಲೊಂದು ಕಟ್ಟಳೆಯುಂಟು. ಗುಂಡು ಹೊಡೆದವನಿಗೆ ಇಷ್ಟು, ಹಂದಿ ಎಬ್ಬಿಸಿದ ನಾಯಿಗೆ ಇಷ್ಟು, ಕತ್ತಿ ಕೆಳಗಿಡುವ ಮೊದಲು ಅಲ್ಲಿಗೆ ಬಂದು ನಿಂತವನು ದಾರಿಹೋಕನಾದರೂ ಅವನಿಗೊಂದು ಪಾಲು. ನನಗೂ ಬಂತು. ಕೂವೆ ಎಲೆಯಲ್ಲಿ ಕಟ್ಟಿ ಮುಂದೆ ಹಿಡಿದರು.

ಅಲ್ಲಿ ನನಗೆ ಹೊಟ್ಟೆನೋವಿನ ಮಾತು ಹೇಳಲು ಬರುವಂತಿರಲಿಲ್ಲ. ಹಸಿ ಮಾಂಸ, ಮನೆಗೆ ಒಯ್ಯುವುದಕ್ಕೆ ಹೊಟ್ಟೆಯ ಚಿಂತೆ ಏಕೆ? ಎರಡೂ ಕೈಯಲ್ಲಿ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ. ಅವರಲ್ಲಿ ಹಿರಿಯನೊಬ್ಬ ನಗುತ್ತಾ, "ಈ ಸಲ ಕಷ್ಟವೇ ಆಗಲಿಲ್ಲ ಇನ್ಸ್‌ಪೆಕ್ಟ್ರೆ. ನಾಯಿ ಕೂಗಿದ್ರೂ ಓಡಲಿಲ್ಲ. ನಿಂತ ಹಾಗೇ ಸಿಕ್ಕಿತು," ಎಂದ.

ಹುಡುಗರೇ, ಈ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ನಾಯಿ ಬೊಗಳಿದರೂ ಓಡದ ಕಾಡುಹಂದಿ ಎಂದರೆ ನಮ್ಮ ವೃತ್ತಿಯವನಿಗೆ ಕಿವಿ ನೆಟ್ಟಗಾಗಬೇಕು. ಹಂದಿ ಜ್ವರ ಹಿಡಿದ ಪ್ರಾಣಿ ಹೀಗೆಯೇ ಮಂಕಾಗಿ ನಿಲ್ಲುತ್ತದೆ, ಅದರ ರಕ್ತದ ಒಂದು ಹನಿ ಸಾಕು. ಲಸಿಕೆಯೊಂದು ಬಂದಿದೆ ಎಂದು ಕೇಳಿದ್ದೆವು, ನಮ್ಮ ಕಡೆಗೆ ಇನ್ನೂ ತಲುಪಿರಲಿಲ್ಲ. ಪುಸ್ತಕದಲ್ಲಿ ಓದಿದ್ದೆಲ್ಲ ನನ್ನ ತಲೆಯಲ್ಲೇ ಇತ್ತು. ಆದರೆ ಆ ಹೊತ್ತಿನಲ್ಲಿ ಯೋಚನೆಯೆಲ್ಲ ಒಂದೇ: ಈ ಪೊಟ್ಟಣವನ್ನು ಯಾರಿಗೂ ಕಾಣದಂತೆ ಎಲ್ಲಿ ಎಸೆಯಲಿ?

ಎಸೆಯಲು ಆಗಲಿಲ್ಲ. ದಾರಿಯುದ್ದಕ್ಕೂ ಜನ ಸಿಕ್ಕರು. ಬೇಟೆಯ ಪಾಲನ್ನು ಎಸೆದದ್ದು ಗೊತ್ತಾದರೆ ಆ ಊರಿಗೆ ಮತ್ತೆ ಕಾಲಿಡುವುದು ಬೇಡ. ಅತ್ತ ದರಿ ಇತ್ತ ಪುಲಿ ಎಂದುಕೊಂಡು ಚೀಲ ಹೊತ್ತು ದೇವಕ್ಕನ ಗೇಟಿಗೆ ಬಂದೆ. ಫಿನಾಯಿಲ್ ನೀರಿನಲ್ಲಿ ಬೂಟು ಅದ್ದಿದೆ. ಕೈ ತೊಳೆದೆ. ಅವಳು ಗೇಟು ತೆಗೆದಳು. ಚೀಲವೂ ನನ್ನ ಹೆಗಲಲ್ಲೇ ಒಳಗೆ ಬಂತು.

ಚೀಲದೊಳಗೆ ಕುಣಿಕೆ ಹಗ್ಗ ಪೊಟ್ಟಣದ ಕೆಳಗಿತ್ತು. ತೆಗೆದಾಗ ಒದ್ದೆಯಾಗಿತ್ತು. ಎಲೆ ಸೋರಿತ್ತು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಹಗ್ಗ ತೊಳೆಯಲು ನೀರು ಕೇಳಬಹುದಿತ್ತು, ಕೇಳಿದರೆ ಏನಾಯಿತೆಂದು ದೇವಕ್ಕ ಕೇಳುತ್ತಿದ್ದಳು, ಚೀಲ ಬಿಚ್ಚಬೇಕಾಗುತ್ತಿತ್ತು, ಮಾಂಸ ಹೊತ್ತು ಯಾಕೆ ಹೀಗೆ ಪೆಚ್ಚಾಗಿ ನಿಂತಿದ್ದೀರಿ ಎಂಬ ಪ್ರಶ್ನೆ ಬರುತ್ತಿತ್ತು. ಹುಲ್ಲಿಗೆ ಒರೆಸಿದೆ. ಆಮೇಲೆ ಅದೇ ಹಗ್ಗವನ್ನು ಒಂದೊಂದೇ ಹಂದಿಯ ಬಾಯಿಗೆ ಹಾಕಿ ಬಿಗಿದು, ಕಿವಿಯಿಂದ ರಕ್ತ ತೆಗೆದೆ. ದೇವಕ್ಕ ಪ್ರತಿಯೊಂದರ ಬೆನ್ನು ಸವರಿ, "ಇಷ್ಟೇ, ಆಯ್ತು, ಆಯ್ತು," ಎನ್ನುತ್ತಿದ್ದಳು. ಹೋಗುವಾಗ ಪೊಟ್ಟಣವನ್ನು ಕೆಳಗಿನ ಹಳ್ಳದ ಪೊದೆಗೆ ಎಸೆದೆ. ಅಬ್ಬ, ಮುಗಿಯಿತು ಎಂದು ನಿಟ್ಟುಸಿರು ಬಿಟ್ಟೆ.

ಎರಡನೆಯ ಪರೀಕ್ಷೆಯೂ ಸರಿಯಾಗುವುದೆಂದು ನಂಬಿ ಬೋರ್ಡು ಬರೆಸಲು ಸರ್ಜನ್ನರು ಮಡಿಕೇರಿಗೆ ಹೇಳಿದ್ದರು. ಅದಕ್ಕೆ ಬಣ್ಣ ಒಣಗುವ ಮೊದಲೇ ಕರಿಕೆಯಿಂದ ಬೆಳ್ಯಪ್ಪ ಓಡಿ ಬಂದ. ಹಂದಿಗಳು ಮೇವು ಬಿಟ್ಟಿವೆ, ಒಂದರ ಮೇಲೊಂದು ಬಿದ್ದು ಮೂಲೆಯಲ್ಲಿ ಗುಂಪಾಗಿವೆ, ಹಿಂಗಾಲು ನಿಲ್ಲುತ್ತಿಲ್ಲ ಎಂದ. ಸರ್ಜನ್ನರು ನನ್ನನ್ನು ಕರೆದುಕೊಂಡು ಹೊರಟರು. ನಾವು ಹೋಗುವಾಗ ತಾಯಿ ಹಂದಿಗಳಲ್ಲಿ ದೊಡ್ಡದು ಸತ್ತಿತ್ತು. ಬಿಳಿ ಮೈಯ ಮೇಲೆ ಕಿವಿ, ಹೊಟ್ಟೆ ನೇರಳೆ ಬಣ್ಣಕ್ಕೆ ತಿರುಗಿದ್ದವು. ಸರ್ಜನ್ನರು ನೋಡಿದ ಕೂಡಲೇ ಹ್ಯಾಟು ತೆಗೆದರು.

"ಇಲ್ಲಿಗೆ ಯಾರು ಬಂದಿದ್ರಮ್ಮ?" ಎಂದು ಕೇಳಿದರು.

"ಯಾರೂ ಇಲ್ಲೆ."

"ಹೊರಗಿನ ಹಂದಿ? ಮಾಂಸ?"

"ಎಂಥದೂ ಇಲ್ಲೆ. ತಮ್ಮನನ್ನೇ ಬಿಡ್ಲಿಲ್ಲ ನಾನು," ಎಂದಳು ದೇವಕ್ಕ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವರು ಬಂದಿದ್ರು. ಇವರು ಮಾತ್ರ," ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ನನ್ನನ್ನು ಲೆಕ್ಕಕ್ಕೆ ಸೇರಿಸಬೇಕೆಂದೇ ಅವಳಿಗೆ ಅದುವರೆಗೆ ತೋಚಿರಲಿಲ್ಲ.

ಅಲ್ಲೇ ಹೇಳಿದೆ. ಹೊಳೆ, ಪಾಲು, ಎಲೆ, ಹಗ್ಗ, ಎಲ್ಲವನ್ನೂ. ಹೇಳದೆ ಬೇರೆ ದಾರಿಯಿರಲಿಲ್ಲ, ಸರ್ಜನ್ನರು ನನ್ನ ಮುಖವನ್ನು ಆಗಲೇ ಓದಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಕತೆಯನ್ನು ಬೇಲಿಯ ಬಾಯಿಂದಲೇ ಕೇಳಿ ಬೆಳ್ಯಪ್ಪ ಪಕ್ಕದ ಕಂಬ ಹಿಡಿದು ನಿಂತ.

ಸರ್ಜನ್ನರು ನನಗೆ ಕೇಳಿದ್ದು ಒಂದೇ. "ನೀವು ತಿನ್ನೋದಿಲ್ಲ ಅಂತ ಹೇಳಕ್ಕೆ ಏನಾಗಿತ್ತು ರೀ ನಿಮ್ಗೆ?"

ಉತ್ತರ ಕೊಟ್ಟವಳು ದೇವಕ್ಕ. "ಅವ್ರು ತಿನ್ನುದಿಲ್ಲ ಅಂತ ನಮಗೆಲ್ಲ ಮೊದಲೇ ಗೊತ್ತುಟ್ಟು. ಯಾವಾಗ್ಲೂ ಹೊಟ್ಟೆ ಸರಿಯಿಲ್ಲ ಅಂದ್ರೆ ಯಾರು ನಂಬ್ತಾರೆ? ಅದಕ್ಕೇ ಅವ್ರಿಗೆ ಬೇರೆ ಕಾವಲಿಯಲ್ಲಿ ರೊಟ್ಟಿ ಸುಡುದು ನಾನು. ಮಾಂಸ ಬೇಯಿಸಿದ ಪಾತ್ರೆ ಮುಟ್ಟಿಸಿಲ್ಲ." ಆಮೇಲೆ ನನ್ನ ಕಡೆ ನೋಡಿ, "ಪಾಲು ಅಂದ್ರೆ ತಿನ್ನುಕೇ ಅಂತ ಅಲ್ಲ. ತಕ್ಕೊಂಡು ಪಕ್ಕದವನ ಕೈಗೆ ಕೊಟ್ರೂ ಆಯ್ತು. ಯಾರೂ ಎಂಥದೂ ಹೇಳುದಿಲ್ಲ. ನೀವು ಕೇಳಿದ್ರೆ ಅವ್ರೇ ಹೇಳ್ತಿದ್ರು," ಎಂದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನನ್ನ ಮರ್ಯಾದೆ ಉಳಿಸಲು ಆ ಹೆಂಗಸು ಒಂದು ಕಾವಲಿಯನ್ನೇ ಬೇರೆ ಇಟ್ಟಿದ್ದಳು, ಅದನ್ನು ನನಗೆ ತೋರಿಸಿಕೊಳ್ಳಲೂ ಇಲ್ಲ. ನಾನು ಅವಳ ಮನೆಯ ಊಟವನ್ನು ಹೇಸಿಕೊಂಡು, ಹೇಸಿಗೆ ಮುಚ್ಚಿಡಲು ಹೋಗಿ, ಅವಳ ಗೂಡಿಗೇ ವಿಷ ತಂದಿದ್ದೆ. ಕೆಲಸಕ್ಕಾಗಿ ಪಟ್ಟ ನಾಚಿಕೆ ಅಂದಿಗೆ ಬಿಟ್ಟುಹೋಯಿತು. ಆ ಜಾಗಕ್ಕೆ ಬಂದದ್ದು ಇನ್ನೂ ಹೋಗಿಲ್ಲ.

ಉಳಿದವನ್ನು ಕೊಂದು ಸುಣ್ಣ ಹಾಕಿ ಹೂಳಬೇಕೆಂದು ಸರ್ಜನ್ನರು ಹೇಳಿದರು. ಕಾಯಿದೆಯ ಬಲ ಅವರಿಗಿರಲಿಲ್ಲ, ಅವರು ಕೇಳಿಕೊಂಡರು. ಊರಿನ ಬೇರೆ ಗೂಡುಗಳಿಗೆ ಹಬ್ಬುತ್ತದೆ ಎಂದು ವಿವರಿಸಿದರು. ದೇವಕ್ಕ ಒಪ್ಪಿದಳು. ಮಕ್ಕಳು ಹೆಸರಿಟ್ಟಿದ್ದ ಮರಿಗಳೂ ಸೇರಿ ಎಲ್ಲವೂ ಹೋದವು. ಗುಂಡಿ ತೋಡಿದ್ದು ಬೆಳ್ಯಪ್ಪ ಮತ್ತು ನಾನು. ಅವನು ನನಗೆ ಒಂದು ಬೈಗುಳವನ್ನೂ ಆಡಲಿಲ್ಲ, ಗುದ್ದಲಿ ಕೊಟ್ಟು ತೆಗೆದುಕೊಳ್ಳುವಾಗ ಮುಖ ನೋಡಲೂ ಇಲ್ಲ.

ಕೆಲವು ದಿನ ಬಿಟ್ಟು ನಾನು ಒಬ್ಬನೇ ಹೋಗಿ ಬೆಳ್ಯಪ್ಪನ ಜಗಲಿಯಲ್ಲಿ ಕುಳಿತೆ. ತಪ್ಪು ನಿಮ್ಮ ಅಕ್ಕನದಲ್ಲ, ಜಾಗ ಅವಳಿಗೇ ಬಿಡಿ, ಮತ್ತೆ ಹಿಂಡು ಕಟ್ಟೋಣ ಎಂದೆ. ಅವನು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಂಗಳಕ್ಕೆ ಉಗಿದ. "ಅಕ್ಕಂದು ತಪ್ಪಿಲ್ಲ ಅಂತ ನಿಮಗಿಂತ ಮೊದ್ಲು ನನಗೆ ಗೊತ್ತುಟ್ಟು. ಆದ್ರೆ ನಾನು ಮಾತು ಹಾಕಿದ್ದು ತಪ್ಪಿನ ಮೇಲಲ್ಲ, ಬೋರ್ಡಿನ ಮೇಲೆ. ಬೋರ್ಡು ಬರಲಿಲ್ಲ," ಎಂದ. ಆ ಮಳೆಗಾಲದಲ್ಲಿ ಇಳಿಜಾರಿಗೆ ಏಲಕ್ಕಿ ಬಿತ್ತು. ದೇವಕ್ಕ ಮಾತು ಬಿಟ್ಟಿದ್ದ ಚಿಕ್ಕಮ್ಮನ ಮನೆಗೆ ಹೋದಳು ಎಂದು ಆಮೇಲೆ ಕೇಳಿದೆ. ಗಂಡು ಹಂದಿ ಕೊಡದಿದ್ದ ಕೋಪವನ್ನು ಚಿಕ್ಕಮ್ಮ ಹೊಳೆಯ ಈಚೆ ದಡಕ್ಕೇ ಬಂದು ಬಿಟ್ಟು, ಕೈ ಹಿಡಿದು ಕರೆದುಕೊಂಡು ಹೋದಳಂತೆ.

ಇಲಾಖೆ ನನಗೆ ಎಚ್ಚರಿಕೆ ಕೊಟ್ಟಿತು, ಕೆಲಸ ಉಳಿಯಿತು. ನಡುವಿನ ವರ್ಷಗಳಲ್ಲಿ ಪದ್ಧತಿಗಳು ಬದಲಾದವು. ಹಗ್ಗ, ಸೂಜಿಗಳನ್ನು ಒಂದು ಗೂಡಿನಿಂದ ಇನ್ನೊಂದಕ್ಕೆ ಒಯ್ಯುವುದು ನಿಂತಿತು; ನನ್ನ ವಲಯದಲ್ಲಿ ಅದನ್ನು ಎಲ್ಲರಿಗಿಂತ ಮೊದಲು ನಿಲ್ಲಿಸಿದವನು ನಾನು, ಕಾರಣ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಚೀಲವನ್ನು ಗೇಟಿನ ಹೊರಗೇ ಇಡುವುದು, ಬೇಕಾದ್ದನ್ನು ಬೇಯಿಸಿದ ಡಬ್ಬಿಯಲ್ಲಿ ಮಾತ್ರ ಒಯ್ಯುವುದು, ಅಂದು ಬೇರೆ ಹಂದಿ ಮುಟ್ಟಿದ್ದರೆ ಹೋಗದೇ ಇರುವುದು. ನಾನು ಮಾಂಸ ತಿನ್ನುವುದಿಲ್ಲ ಎಂದು ಹೊಸ್ತಿಲಲ್ಲೇ ಹೇಳುವುದನ್ನೂ ಕಲಿತೆ. ಯಾವ ಮನೆಯವರೂ ಬೇಸರಪಡಲಿಲ್ಲ. ಕಿತ್ತಳೆ ಹಣ್ಣು ನನ್ನ ಚೀಲಕ್ಕೂ ಬಿತ್ತು.

ಜ್ವರದ ಲಸಿಕೆ ಬಂದ ಮೇಲೆ ಅದೇ ಯೋಜನೆಯನ್ನು ಮತ್ತೆ ಎಬ್ಬಿಸಿದರು. ಇಬ್ಬರು ಹೊಸ ಡಾಕ್ಟರರನ್ನು ಕರೆದುಕೊಂಡು ನಾನು ಜೀಪಿನಲ್ಲಿ ಕರಿಕೆಗೆ ಇಳಿದೆ. ಹೊಳೆಯ ಆಚೆ ದಡದಲ್ಲಿ ಚಿಕ್ಕಮ್ಮನ ಮನೆ. ಚಿಕ್ಕಮ್ಮ ತೀರಿಕೊಂಡಿದ್ದಳು. ಹಿತ್ತಲಲ್ಲಿ ಬೇಲಿ ಕಟ್ಟಿದ ಗೂಡು, ಒಳಗೆ ಕೆಸುವಿನ ದಂಟು ಬೇಯುವ ವಾಸನೆ, ಬಿಳಿ ಮರಿಗಳು. ಕೋಲೂರಿಕೊಂಡು ದೇವಕ್ಕ ಬಂದಳು. ತಲೆ ನರೆತಿತ್ತು.

"ಓ, ನೀವಾ. ಕೂತ್ಕೊಳ್ಳಿ," ಎಂದು ಗೇಟಿನ ಹೊರಗಿನ ಕಲ್ಲು ತೋರಿಸಿದಳು.

ಲಸಿಕೆಯ ವಿಷಯ ಹೇಳಿದೆ. ಮತ್ತೆ ಹೆಸರು ಕೊಡಿ ಎಂದು ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ. ಹೊಸ ಡಾಕ್ಟರರಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದಳು. ಇವತ್ತು ಬೇರೆ ಎಲ್ಲಾದರೂ ಹಂದಿ ಮುಟ್ಟಿದ್ದೀರಾ ಎಂದು ಕೇಳಿದಳು. ಇಲ್ಲ ಎಂದರು.

"ಹಾಗಾದ್ರೆ ಹಿಂದೆ ಬಚ್ಚಲಲ್ಲಿ ಬಿಸಿನೀರು ಉಟ್ಟು. ಮಿಂದು, ನಾ ಕೊಟ್ಟ ಪಂಚೆ ಸುತ್ತಿಕೊಂಡು ಬನ್ನಿ. ಸೂಜಿ ನನ್ನ ಒಲೆಯಲ್ಲೇ ಬೇಯ್ಲಿ. ಬೋರ್ಡು ಬರ್ಲಿ, ನಂಗೆ ಬೇಕು," ಎಂದಳು. ನಾನೂ ಎದ್ದು ಬಚ್ಚಲ ಕಡೆಗೆ ಹೊರಟೆ.

"ನೀವು ಬೊತ್ತು, ನೀವು ಬೇಡ," ಎಂದಳು. "ಬೇಜಾರು ಮಾಡ್ಬೇಡಿ."

ಆ ಡಾಕ್ಟರ್ ಹುಡುಗರು ತಬ್ಬಿಬ್ಬಾದರು. ಅವರಲ್ಲೊಬ್ಬ, "ಅಜ್ಜಿ, ಇವರು ನಮಗಿಂತ ಹಿರಿಯರು. ನಮಗೆ ಕಲಿಸಿದವರೇ ಇವರು," ಎಂದ.

"ನಂಗೂ ಇವ್ರೇ ಕಲಿಸಿದ್ದು ಮಗ," ಎಂದಳು ದೇವಕ್ಕ. "ರೋಗ ಬಂದ ದಾರಿಯನ್ನ ಮತ್ತೆ ತೆಗೀಬಾರ್ದು ಅಂತ."

ಕೋಪ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಒಳಗೆ ಹೋಗಿ ಬೆಲ್ಲದ ಕಾಫಿ ತಂದು ಗೇಟಿನ ಮೇಲಿನಿಂದ ನನ್ನ ಕೈಗೆ ಕೊಟ್ಟಳು. ಹುಡುಗರು ಮಿಂದು, ಅವಳ ಪಂಚೆ ಉಟ್ಟು ಗೂಡಿಗೆ ಹೋದರು, ಮರಿಗಳು ಕಿರುಚುವುದು ಕೇಳಿಸಿತು. ಹಗ್ಗ ಸರಿಯಾಗಿ ಹಾಕಿದ್ದಾರೋ ಇಲ್ಲವೋ ಎಂದು ನೋಡಬೇಕೆನಿಸಿತು, ಬೇಲಿಯ ಸಂದಿಯಿಂದ ಕಾಣಿಸಲಿಲ್ಲ. ನಾನು ಕಲ್ಲಿನ ಮೇಲೆ ಕುಳಿತು ಕಾಫಿ ಕುಡಿದೆ.